ಇತರೆ

ಹನ್ನೊಂದಕ್ಕೆ ಸಭೆ. ಒಂಬತ್ತೂವರೆಗೇ ಬಂದು ಕೂತವನು ಅರವತ್ತೆರಡು ಪ್ರಶ್ನೆಗಳ ಆ ನಮೂನೆಯನ್ನು ಮೇಜಿನ ಮೇಲೆ ಬೋರಲು ಹಾಕಿಟ್ಟಿದ್ದ. ಬೋರಲು ಹಾಕಿದ ಮಾತ್ರಕ್ಕೆ ಒಳಗಿನದು ಸುಮ್ಮನಾಗುತ್ತದೆಯೇ? ಹಿಂಬದಿಯ ಬಿಳುಪಿನಲ್ಲೂ ಅವನ ಪೆನ್ನು ಒತ್ತಿದ ಅಕ್ಷರಗಳು ಉಬ್ಬಿಕೊಂಡು, ಬೆರಳಾಡಿಸಿದರೆ ಕೈಗೆ ಹತ್ತುತ್ತಿದ್ದವು. ಒಂದು ಕಡೆ ಮಾತ್ರ ಕಾಗದ ನುಣ್ಣಗಿತ್ತು. ಮೂವತ್ತೆಂಟನೆಯ ಪ್ರಶ್ನೆ. ಅಲ್ಲಿ ಅವನು ಪೆನ್ನು ಊರಿರಲಿಲ್ಲ. ಎದುರಿನ ಗೋಡೆಯ ಮೇಲೆ ದೊಡ್ಡ ಭೂಪಟ. ದೇಶದಿಂದ ದೇಶಕ್ಕೆ ಬಾಣಗಳು. ಬಾಣದ ದಪ್ಪ ನೋಡಿ ಎಷ್ಟು ಜನ ಹೋದರೆಂದು ತಿಳಿಯಬೇಕು. ವಲಸೆ ಅಧ್ಯಯನ ಕೇಂದ್ರಕ್ಕೆ ಯಾರೇ ಬಂದರೂ ಮೊದಲು ಅದರ ಮುಂದೆ ನಿಂತು ತಮ್ಮ ಬಾಣ ಹುಡುಕುತ್ತಿದ್ದರು. ಅವನೂ ಅಕ್ಕನೂ ಇದ್ದದ್ದು ಕೆಳಗಿನ ಮೂಲೆಯ, ದಾರದಷ್ಟು ತೆಳ್ಳಗಿನ ಒಂದು ಬಾಣದೊಳಗೆ. ಎಂಟು ವರ್ಷದಿಂದ ದಿನಾ ನೋಡುತ್ತಿದ್ದರೂ ಆ ದಾರದಲ್ಲಿ ಅಕ್ಕ ಮುಂದೆ, ತಾನು ಹಿಂದೆ ಎಂಬುದು ಇವತ್ತೇ ಅವನಿಗೆ ಹೊಳೆದಿತ್ತು. ಅವಳು ಹೋಗಿ ಆರು ವರ್ಷವಾದ ಮೇಲಲ್ಲವೇ ಅವನು ಹೊರಟದ್ದು, ಅವಳು ಕಳಿಸಿದ ಟಿಕೇಟು ಹಿಡಿದುಕೊಂಡು.

ಕಳೆದ ಗುರುವಾರ ಮುಖ್ಯಸ್ಥೆ ಎಲ್ಲರನ್ನೂ ಕೂರಿಸಿಕೊಂಡು, ನಮೂನೆ ಅಚ್ಚಿಗೆ ಹೋಗುವ ಮೊದಲು ಪ್ರತಿಯೊಬ್ಬರೂ ತಮಗೆ ಗೊತ್ತಿರುವ ಒಬ್ಬೊಬ್ಬರ ಮೇಲೆ ಪ್ರಯೋಗ ಮಾಡಿ ತನ್ನಿ ಎಂದಿದ್ದರು. ಒಳ್ಳೆಯ ಹೆಂಗಸು. ಇದೇ ದೇಶದವರು, ಇದೇ ಊರಿನವರು. ಅನ್ಯಾಯದ ಮಾತು ಬಂದರೆ ಕುತ್ತಿಗೆಯವರೆಗೆ ಕೆಂಪಾಗುತ್ತಿದ್ದರು. ಅವನ ಕಡೆ ತಿರುಗಿ, "ನಿಮಗೇನು, ಸುಲಭ. ನಿಮ್ಮವರು ಬೇಕಾದಷ್ಟು ಜನ ಇದ್ದಾರಲ್ಲ," ಎಂದು ನಕ್ಕಿದ್ದರು. ಅವನೂ ನಕ್ಕಿದ್ದ. ಇಲ್ಲಿ ಅವನು ಬೇಗ ಕಲಿತ ವಿದ್ಯೆಯೆಂದರೆ ಅದೇ, ಎಲ್ಲಿ ನಗಬೇಕು ಎನ್ನುವುದು. ಅದನ್ನು ಅವನಿಗೆ ಹೇಳಿಕೊಟ್ಟವಳು ಅಕ್ಕನೇ ಇರಬೇಕು. ಮನೆಯಲ್ಲಿ ಅವಳನ್ನು ಎಲ್ಲರೂ ಇದ್ದಿಲು ಎಂದೇ ಕರೆಯುತ್ತಿದ್ದರು. ಬಂದವರ ಮುಂದೆ ಅಮ್ಮ ಇವನನ್ನು ಮುಂದಕ್ಕೆ ತಳ್ಳಿ, "ಇವನು ಹಾಲು, ಅವಳು ಇದ್ದಿಲು, ಒಂದೇ ಒಲೆಯಲ್ಲಿ ಎರಡೂ ಆಯ್ತು ನೋಡಿ," ಅನ್ನುತ್ತಿದ್ದಳು. ಎಲ್ಲರಿಗಿಂತ ಮೊದಲು ಅಕ್ಕ ನಗುತ್ತಿದ್ದಳು. ತಾನೇ ಮೊದಲು ನಕ್ಕುಬಿಟ್ಟರೆ ಉಳಿದವರ ನಗು ಬೇಗ ಮುಗಿಯುತ್ತದೆ ಎಂದು ಹನ್ನೆರಡು ವರ್ಷಕ್ಕೇ ಅವಳಿಗೆ ಗೊತ್ತಿತ್ತು. ಬಣ್ಣ ನೋಡಿ ಎರಡು ಸಂಬಂಧ ಎದ್ದುಹೋದವು. ಮೂರನೆಯದಕ್ಕೆ ಕಾಯದೆ ಅವಳು ಈ ದೇಶಕ್ಕೆ ಮುದುಕರನ್ನು ನೋಡಿಕೊಳ್ಳುವ ಕೆಲಸಕ್ಕೆ ಬಂದಳು. ತಮಾಷೆಯೆಂದರೆ, ಮನೆಯಲ್ಲಿ ಹಾಲಾಗಿದ್ದವನು ಇಲ್ಲಿ ವಿಮಾನದಿಂದ ಇಳಿಯುತ್ತಲೇ ಇದ್ದಿಲಾಗಿಬಿಟ್ಟ. ಸರತಿಯಿಂದ ಪಕ್ಕಕ್ಕೆ ಕರೆದು ಚೀಲ ಬಿಚ್ಚಿಸಿದಾಗ ಅವನಿಗೆ ಮೊದಲು ಬಂದ ಯೋಚನೆ, ಇವರು ಅಕ್ಕನನ್ನು ಇನ್ನೂ ನೋಡಿಲ್ಲವಲ್ಲ, ಎಂದು. ಆ ಯೋಚನೆಯನ್ನು ಅವನು ಯಾರಿಗೂ ಹೇಳಿರಲಿಲ್ಲ.

ಶನಿವಾರ ಮಧ್ಯಾಹ್ನ ಅಕ್ಕ ತನ್ನ ಒಂದು ಕೋಣೆಯ ಮನೆಯಲ್ಲಿ ನೆಲದ ಮೇಲೆ ಕಾಲು ಚಾಚಿ ಕೂತು ಮುಂಗೈಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದಳು. ಹತ್ತು ವರ್ಷದಿಂದ ಅವಳಿರುವುದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ. ಒದ್ದೆ ಹಾಸಿಗೆವಸ್ತ್ರದ ಎರಡು ಮೂಲೆ ಇವಳು ಹಿಡಿದರೆ ಇನ್ನೆರಡು ಜೊತೆಗಾತಿ ಹಿಡಿಯಬೇಕು; ಇಬ್ಬರೂ ಒಂದೇ ಉಸಿರಿಗೆ ಇಸ್ತ್ರಿ ಯಂತ್ರದ ಕಾದ ಉರುಳೆಯ ಬಾಯಿಗೆ ಕೊಡಬೇಕು. ಒಬ್ಬರು ಅರೆಗಳಿಗೆ ತಡಮಾಡಿದರೂ ಇನ್ನೊಬ್ಬರ ಕೈ ಉರುಳೆಗೆ ತಾಗುತ್ತದೆ. ಅವಳ ಮುಂಗೈಯಲ್ಲಿ ಏಣಿಯ ಮೆಟ್ಟಿಲಿನಂತೆ ಅಡ್ಡಡ್ಡ ಗೆರೆಗಳಿದ್ದವು. "ಕೇಳು, ಅದೇನು ಕೇಳ್ಬೇಕೋ," ಅಂದಳು. ಅವನು ಕನ್ನಡಕ್ಕೆ ತಾನೇ ಇಳಿಸಿದ್ದ ಪೀಠಿಕೆಯನ್ನು ಓದಿದ. ಅದರಲ್ಲಿ ಅಂತರಛೇದನೆ ಎಂಬ ಒಂದು ಮಾತಿತ್ತು. ಎರಡು ದಿನ ತಲೆಕೆರೆದುಕೊಂಡು ಕಟ್ಟಿದ್ದು. ಅವನಿಗೆ ಅದರ ಬಗ್ಗೆ ಸ್ವಲ್ಪ ಹೆಮ್ಮೆಯೂ ಇತ್ತು.

"ಏನೋ ಅದು? ಆಪರೇಷನ್ ಹೆಸರಿದ್ದ ಹಾಗಿದೆ. ನಮ್ಮ ಆಸ್ಪತ್ರೇಲಿ ಮಾಡ್ತಾರಾ?"

"ಹಾಗಲ್ಲಕ್ಕ. ಬಣ್ಣ, ಹೆಣ್ಣು ಅನ್ನೋದು, ಕೆಲಸ, ಭಾಷೆ... ಇವೆಲ್ಲ ಬೇರೆಬೇರೆಯಾಗಿ ಬೀಳಲ್ಲ. ಒಬ್ಬರ ಮೇಲೇ ಒಟ್ಟಿಗೆ ಬೀಳುತ್ತೆ. ಆವಾಗ ಅದು ಬರೀ ಕೂಡಿದ ಲೆಕ್ಕ ಆಗಲ್ಲ, ಬೇರೆಯದೇ ಏನೋ ಆಗುತ್ತೆ."

"ಗಾಯದ ಮೇಲೆ ಬರೆ ಅಂತ ಅಮ್ಮನೇ ಹೇಳ್ತಿದ್ಲಲ್ಲ. ಅದಕ್ಕೆ ನೀನು ಇಷ್ಟು ವರ್ಷ ಓದಬೇಕಾಯ್ತಾ?" ಎಂದು ನಕ್ಕಳು. ಆಮೇಲೆ, ಮೂವತ್ತೊಂದನೆಯ ಪ್ರಶ್ನೆಗೆ, ಉಂಗುರದ ಸಂಗತಿ ಹೇಳಿದಳು. ಚಳಿಗಾಲದಲ್ಲಿ ಒಬ್ಬ ರೋಗಿಯ ಉಂಗುರ ಕಳೆದಿತ್ತು. ಹಾಸಿಗೆವಸ್ತ್ರದ ಜೊತೆ ಬಂದಿರಬಹುದೆಂದು ಮೇಸ್ತ್ರಿ ಕೆಳಗಿಳಿದು ಬಂದ. ಇವಳೊಬ್ಬಳ ಜೇಬು ತಿರುವಿಸಿದ, ಕಾಲುಚೀಲ ತೆಗೆಸಿದ, ತಲೆಯ ಟೊಪ್ಪಿಗೆ ತೆಗೆಸಿ ಜಡೆಯೊಳಗೆ ಪೆನ್ನಿನ ತುದಿಯಿಂದ ಕೆದಕಿದ. ಅವನು ಪೆನ್ನು ಸಿದ್ಧವಾಗಿಟ್ಟುಕೊಂಡು ಕೇಳಿದ: "ಕಾರಣ ಯಾವುದು ಅಂತ ಒಂದಕ್ಕೆ ಗುರುತು ಹಾಕಬೇಕಕ್ಕ. ಬಣ್ಣವಾ, ಹೆಂಗಸು ಅಂತಲಾ, ಹೊರಗಿನವಳು ಅಂತಲಾ?"

"ಹೊಡೆಯೋನು ಹೇಳಿ ಹೊಡೀತಾನೇನೋ? ಬಣ್ಣ ಅನ್ನೋಣ ಅಂದ್ರೆ, ಗಾಡಿ ತಳ್ಳೋ ಆ ದೈತ್ಯ ನನಗಿಂತ ಕಪ್ಪು. ಅವನನ್ನ ಮುಟ್ಟಲಿಲ್ಲ. ಗಂಡಸು, ಕೂಗಾಡಿದ್ರೆ ಅನ್ನೋ ಭಯ. ಹೆಂಗಸು ಅಂತ ಅನ್ನೋಣ ಅಂದ್ರೆ, ನನ್ನ ಜೊತೆಗಾತಿನೂ ಹೆಂಗಸೇ, ಅವಳೂ ಹೊರಗಿಂದ ಬಂದೋಳೇ. ಅವಳನ್ನೂ ಮುಟ್ಟಲಿಲ್ಲ. ಅವಳ ಮುಖ ಇವರ ಮುಖದ ಹಾಗೆ ಇದೆಯಲ್ಲ. ಕಪ್ಪೂ ಆಗಿ, ಹೆಂಗಸೂ ಆಗಿ, ಬಾಯಿ ಬಾರದೋಳು ಅಲ್ಲಿ ನಾನೊಬ್ಬಳೇ. ಉಂಗುರ ಸಿಕ್ತು ಬಿಡು ಆಮೇಲೆ. ರೋಗಿಯ ಬೆರಳಲ್ಲೇ ಇತ್ತಂತೆ, ಬೇರೆ ಕೈಯಲ್ಲಿ."

ಅವನ ಮೈ ಜುಮ್ಮೆಂದಿತು. ಎಂಥ ಉದಾಹರಣೆ! ಹತ್ತು ಪುಸ್ತಕ ಓದಿ ಹೇಳಬೇಕಾದ್ದನ್ನು ಇವಳು ಕಾಲು ಚಾಚಿ ಕೂತು ಹೇಳಿಬಿಟ್ಟಳಲ್ಲ ಎಂದು ಪೆನ್ನು ಓಡತೊಡಗಿತು. ಅರ್ಧ ಪುಟ ಬರೆದಾದ ಮೇಲೆ, ಜಡೆಯೊಳಗೆ ಪೆನ್ನು ಆಡಿಸಿಕೊಂಡವಳು ತನ್ನ ಅಕ್ಕ ಎಂಬುದು ನೆನಪಾಯಿತು. ನೆನಪಾಯಿತು ಎನ್ನುವುದೇ ಅಸಹ್ಯ. ಚಳಿಗಾಲದಲ್ಲಿ ನಡೆದದ್ದು ನನಗೇಕೆ ಹೇಳಲಿಲ್ಲ ಎಂದು ಕೇಳಿದ. "ನೀನು ಕೇಳಲಿಲ್ಲ," ಎಂದಳು, ಮುಲಾಮಿನ ಮುಚ್ಚಳ ತಿರುವುತ್ತಾ. ಅದರಲ್ಲಿ ಆಕ್ಷೇಪಣೆಯ ದನಿ ಇರಲಿಲ್ಲ, ಹೊರಗೆ ಗಾಳಿ ಇಲ್ಲ ಎಂದ ಹಾಗಿತ್ತು. ಹಾಗೆಯೇ ಮೂವತ್ತೆಂಟನೆಯ ಪ್ರಶ್ನೆ ಬಂತು. ನಿಮ್ಮನ್ನು ಕೀಳಾಗಿ ಕಂಡವರು ಯಾರು, ಮನಸ್ಸಿಗೆ ಹೆಚ್ಚು ನೋವಾದದ್ದು ಯಾರಿಂದ: ಅಧಿಕಾರಿ, ಮಾಲೀಕ, ಸಹೋದ್ಯೋಗಿ, ನೆರೆಯವರು, ಅಪರಿಚಿತರು, ಇತರೆ. ಮೇಸ್ತ್ರಿಯನ್ನು ಮಾಲೀಕನ ಸಾಲಿಗೆ ಹಾಕಬೇಕು ಎಂದುಕೊಂಡು ಅವನು ಆಗಲೇ ಪೆನ್ನನ್ನು ಅಲ್ಲಿಗೆ ಒಯ್ದಿದ್ದ.

"ಇತರೆ ಅಂದ್ರೆ ಯಾರು?"

"ಇವರು ಯಾರೂ ಅಲ್ಲದೆ, ಉಳಿದೋರು."

"ಹಾಗಾದ್ರೆ ಅದಕ್ಕೇ ಹಾಕು," ಎಂದಳು. ಆಮೇಲೆ ಒಂದು ವಾಕ್ಯ ಹೇಳಿದಳು, ಇಲ್ಲಿಯ ಭಾಷೆಯಲ್ಲಿ. ಅವಳ ಬಾಯಲ್ಲಿ ಆ ಭಾಷೆ ಯಾವಾಗಲೂ ಎಡವಿಕೊಂಡೇ ಬರುವುದು. ಈ ವಾಕ್ಯ ಮಾತ್ರ ಎಲ್ಲೂ ಎಡವಲಿಲ್ಲ. ಎಷ್ಟೋ ಸಲ ಒಳಗೇ ಹೇಳಿಕೊಂಡು ನುಣುಪಾದ ಹಾಗಿತ್ತು. ಈಕೆ ನಾನಿರುವ ಕಟ್ಟಡದಲ್ಲಿ ಕಸ ಗುಡಿಸುವವಳು, ಪಾಪ, ಒಳ್ಳೆಯ ಹೆಂಗಸು.

ಎಂಟು ವರ್ಷದ ಹಿಂದಿನ ಬೆಳಿಗ್ಗೆ. ಕೇಂದ್ರದಲ್ಲಿ ಅವನ ಮೊದಲ ದಿನ. ಪ್ರಮಾಣಪತ್ರಗಳ ಕಡತವನ್ನು ಮನೆಯಲ್ಲೇ ಮರೆತಿದ್ದ. ಫೋನು ಮಾಡಿದ್ದಕ್ಕೆ ಅಕ್ಕ ಪಾಳಿಯ ನಡುವೆಯೇ ಓಡಿ, ಮನೆಗೆ ಹೋಗಿ, ಎರಡು ಬಸ್ಸು ಬದಲಿಸಿ ಬಂದಿದ್ದಳು. ನೀಲಿ ಅಂಗಿ, ತೆಗೆಯಲು ಮರೆತ ತಲೆಯ ಟೊಪ್ಪಿಗೆ, ಸೋಪಿನ ಘಾಟು. ಕೈಯ ಬೆವರು ತಾಗದಿರಲೆಂದು ಕಡತವನ್ನು ಟವೆಲಿನಲ್ಲಿ ಸುತ್ತಿಕೊಂಡಿದ್ದಳು. ಅವನು ಮುಖ್ಯಸ್ಥೆಯ ಜೊತೆ ಮೊಗಸಾಲೆಯಲ್ಲಿ ನಿಂತಿದ್ದ. ಯಾರಿವರು ಎಂದು ಅವರು ಕೇಳಿದ್ದು ಸಹಜವಾಗಿ, ನಗುನಗುತ್ತಾ. ಅಕ್ಕ ಎಂದಿದ್ದರೆ ಬಹುಶಃ ಕೈಕುಲುಕಿ ಒಳಗೆ ಕೂರಿಸುತ್ತಿದ್ದರು. ಹಾಗೆಂದು ಅವನಿಗೆ ಆಗಲೂ ಗೊತ್ತಿತ್ತು. ಆದರೂ ಆ ಟೊಪ್ಪಿಗೆ, ಆ ಬಣ್ಣ, ಆ ಟವೆಲು ಎಲ್ಲ ಒಟ್ಟಿಗೆ ತನ್ನ ಮೈಮೇಲೆ ಬಂದು ಕೂರುತ್ತವೆ ಅನ್ನಿಸಿ ಬಾಯಿ ತಾನೇ ಮುಂದಾಗಿ ಆ ವಾಕ್ಯ ಆಡಿತ್ತು. ಅಕ್ಕ ಕಡತ ಕೊಟ್ಟು, ಟವೆಲು ಮಡಿಸಿಕೊಂಡು, ಇಲ್ಲಿಯ ಭಾಷೆಯಲ್ಲಿ "ಬರ್ತೀನಿ ಸರ್" ಎಂದು ಹೊರಟುಹೋಗಿದ್ದಳು. ಎಂಟು ವರ್ಷ ಅವನು ಆ ಸರ್ ಎಂಬುದನ್ನು ತಾಯತದ ಹಾಗೆ ಕಟ್ಟಿಕೊಂಡು ತಿರುಗಿದ್ದ: ಅವಳಿಗೆ ಭಾಷೆ ಬರುತ್ತಿರಲಿಲ್ಲ, ಗೊತ್ತಾಗಲಿಲ್ಲ, ಆ ಭಾಷೆಯಲ್ಲಿ ಎಲ್ಲರಿಗೂ ಅವಳು ಸರ್ ಎಂದೇ ಅನ್ನುವುದು.

"ನಿನಗೆ ಗೊತ್ತಾಗಿತ್ತಾ?" ಎಂದ.

"ಕಸ ಗುಡಿಸೋದು ಅನ್ನೋದು ನಾನು ಇಲ್ಲಿ ಕಲಿತ ಮೊದಲನೇ ಮಾತು ಕಣೋ ಮರಿ," ಎಂದಳು. "ನೀನು ಸಿಕ್ಕಿಹಾಕ್ಕೋಬಾರ್ದು ಅಂತ ಸರ್ ಅಂದೆ." ಆಮೇಲೆ ಎದ್ದು ಕೈತೊಳೆದು, ಇನ್ನು ಎಷ್ಟು ಪ್ರಶ್ನೆ ಉಳಿದಿವೆ ಎಂದು ಕೇಳಿದಳು. ಇಪ್ಪತ್ತನಾಲ್ಕು ಉಳಿದಿದ್ದವು. ಅವನು ಎಲ್ಲವನ್ನೂ ಕೇಳಿದ, ಅವಳು ಎಲ್ಲದಕ್ಕೂ ಉತ್ತರ ಕೊಟ್ಟಳು.

ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. ಸಭೆಯ ಕೋಣೆಯಲ್ಲಿ ಪರದೆಗೆ ಚಿತ್ರ ಬರುತ್ತಿರಲಿಲ್ಲ. ಅವನು ಮೇಜಿನಡಿ ಮಂಡಿಯೂರಿ ವೈರು ಸರಿಮಾಡುತ್ತಿದ್ದಾಗ ಅನುದಾನ ಕೊಡುವ ಸಂಸ್ಥೆಯಿಂದ ಬಂದ ಅತಿಥಿ ಒಳಗೆ ಬಂದ. ಎತ್ತರದ ಆಳು, ದನಿ ಮೃದು. "ಅದಾದ ಮೇಲೆ ಈ ಕಿಟಕಿಯ ಪರದೆಯನ್ನೂ ಸ್ವಲ್ಪ ಇಳಿಸಿಬಿಡಿ, ಬಿಸಿಲು ಕಣ್ಣಿಗೆ ಹೊಡೀತಿದೆ. ನೀರಿನ ಜಗ್ಗೂ ಖಾಲಿ," ಎಂದು ಹೇಳಿ, ಕೋಟು ಬಿಚ್ಚಿ ಇವನ ಕೈಗೆ ಕೊಟ್ಟ. ಅವನು ಕೋಟು ತಗುಲಿಹಾಕಿದ. ಪರದೆ ಇಳಿಸಿದ. ನೀರು ತುಂಬಿಸಿ ತಂದ. ಆಯಿತು ಸರ್ ಎಂದೂ ಅಂದ. ತಾನಾಗಿ ಬಂದ ಆ ಸರ್ ಕಿವಿಗೆ ಬಿದ್ದಾಗ ಕಿವಿ ಬಿಸಿಯಾಯಿತು. ಕಾಲು ಗಂಟೆಯ ನಂತರ ಮುಖ್ಯಸ್ಥೆ, ಇವರು ನಮ್ಮ ಹಿರಿಯ ಸಂಶೋಧಕರು ಎಂದು ಪರಿಚಯ ಮಾಡಿಕೊಟ್ಟಾಗ ಅತಿಥಿ ಪೆಚ್ಚಾಗಿ, ಆಮೇಲೆ ಮುಖ ಅರಳಿಸಿ, "ಓ, ನೀವಾ! ನಮ್ಮ ಭಾಷೆ ಎಷ್ಟು ಚೆನ್ನಾಗಿ ಮಾತಾಡ್ತೀರಿ!" ಎಂದ. ಇವನು ಆಡಿದ್ದು ಎರಡೇ ಶಬ್ದ. ಎಲ್ಲರಿಗಿಂತ ಮೊದಲು ಇವನೇ ನಕ್ಕ.

ಒಬ್ಬೊಬ್ಬರೂ ತಮ್ಮ ತಮ್ಮ ನಮೂನೆ ತೆರೆದು ಹೇಳುತ್ತ ಹೋದರು. ಕೊನೆಗೆ ಅಂಕಿಅಂಶದವನು, ಕನ್ನಡಕ ಹಣೆಗೇರಿಸಿ, ಮೂವತ್ತೆಂಟರಲ್ಲಿ ಇತರೆ ಎಂಬ ಸಾಲನ್ನು ತೆಗೆದುಬಿಡೋಣ ಎಂದ. ಹತ್ತು ಜನರಲ್ಲಿ ಒಬ್ಬರೂ ಅದಕ್ಕೆ ಗುರುತು ಹಾಕಿಲ್ಲ. ಸುಮ್ಮನೆ ಕೋಷ್ಟಕಕ್ಕೆ ಒಂದು ಬಾಲ. "ನಿಮ್ಮದರಲ್ಲಿ?" ಎಂದು ಇವನನ್ನು ಕೇಳಿದ. ಇಲ್ಲ ಎಂದರೆ ಮುಗಿಯುತ್ತಿತ್ತು. ಕಾಗದವೂ ನುಣ್ಣಗೇ ಇತ್ತು. ಆದರೆ ಕಿವಿಯ ಬಿಸಿ ಇನ್ನೂ ಆರಿರಲಿಲ್ಲ, ಕೈಯಲ್ಲಿ ಕೋಟಿನ ಭಾರ ಇನ್ನೂ ಇದ್ದ ಹಾಗಿತ್ತು. ಯಾರನ್ನೋ ನೋಯಿಸಬೇಕು ಅನ್ನಿಸುತ್ತಿತ್ತು, ಹತ್ತಿರದಲ್ಲಿ ಸಿಕ್ಕಿದ್ದು ತಾನೇ. "ಒಂದಿದೆ," ಎಂದ. "ಆ ಇತರೆ ನಾನು."

ಹೇಳಿದ. ಎಲ್ಲವನ್ನೂ ಹೇಳಿದ. ಹೇಳುತ್ತಿದ್ದಾಗಲೇ, ಚೆನ್ನಾಗಿ ಹೇಳುತ್ತಿದ್ದೇನೆ ಎಂಬುದೂ ಗೊತ್ತಾಗುತ್ತಿತ್ತು. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿದ. ಟವೆಲಿನ ಬಳಿ ದನಿ ತಗ್ಗಿಸಿದ. ಆವತ್ತು ಮಳೆ ಬರುತ್ತಿತ್ತು ಎಂದ. ಮಳೆ ಬಂದಿರಲಿಲ್ಲ; ಕಣ್ಣು ಕುಕ್ಕುವ ಬಿಸಿಲಿತ್ತು. ಆದರೆ ಮಳೆ ಎಂದೊಡನೆ ಕೋಣೆಯಲ್ಲಿ ಯಾರೋ ಉಸಿರೆಳೆದದ್ದು ಕೇಳಿಸಿ, ಅವಳ ಟೊಪ್ಪಿಗೆಯಿಂದ ನೀರು ತೊಟ್ಟಿಕ್ಕುತ್ತಿತ್ತು ಎಂದೂ ಸೇರಿಸಿದ. ಮುಗಿಸಿದ. ಛೀಮಾರಿ ಬೀಳುತ್ತದೆ ಎಂದು ಅವನು ತಲೆತಗ್ಗಿಸಿ ಕಾಯುತ್ತಿದ್ದ, ಬಿದ್ದದ್ದು ಚಪ್ಪಾಳೆ. ಅತಿಥಿ ಕಣ್ಣೊರೆಸಿಕೊಂಡ. ಎಂಥ ಧೈರ್ಯ ಎಂದರು ಯಾರೋ. ಮುಖ್ಯಸ್ಥೆ ಕುತ್ತಿಗೆಯವರೆಗೆ ಕೆಂಪಾಗಿ, ಅವನ ಭುಜ ಒತ್ತಿ, ಇದನ್ನು ನೀವು ಬರೆಯಲೇಬೇಕು, ಅಧ್ಯಯನದ ಸಮಾರೋಪದ ದಿನ ಅವರನ್ನು ಕರೆತನ್ನಿ, ಅವರ ಬಾಯಿಂದಲೇ ಕೇಳೋಣ, ನೀವೇ ಅನುವಾದ ಮಾಡುವಿರಂತೆ ಎಂದರು. ಆವತ್ತು ಮೊಗಸಾಲೆಯಲ್ಲಿ ಎದುರಿಗೇ ನಿಂತಿದ್ದವರು ಅವರು. ಆ ಹೆಂಗಸು ಅವರಿಗೆ ನೆನಪೇ ಇರಲಿಲ್ಲ. ಅಂಕಿಅಂಶದವನು ಇತರೆ ಸಾಲು ಇರಲಿ ಎಂದು ಬರೆದುಕೊಂಡ. ಕೇಳಿ ನೋಡ್ತೀನಿ ಎಂದು ಅವನು ಹೇಳಿದ. ಹೊರಗೆ ಬಂದು ಮುಖ ತೊಳೆಯುವಾಗ ಕನ್ನಡಿಯಲ್ಲಿ ಕಂಡವನು ಹಗುರಾಗಿದ್ದ. ಪರೀಕ್ಷೆ ಚೆನ್ನಾಗಿ ಬರೆದು ಬಂದವನ ಮುಖ. ಅದನ್ನು ನೋಡಿದ ಮೇಲೆ ಕೋಣೆಗೆ ವಾಪಸು ಹೋಗಲಾರದೆ, ನಮೂನೆಯನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದ.

ಬಟ್ಟೆ ಒಗೆಯುವ ವಿಭಾಗ ಆಸ್ಪತ್ರೆಯ ಹಿಂಬದಿಯ ನೆಲಮಾಳಿಗೆಯಲ್ಲಿತ್ತು. ಗಾಡಿ ಇಳಿಯುವ ಇಳಿಜಾರಿನ ಕೊನೆಗೆ ಎರಡು ದೊಡ್ಡ ಬಾಗಿಲು. ಆ ಬಾಗಿಲಿನಿಂದ ಹಬೆಯೂ ಯಂತ್ರದ ಮೊರೆತವೂ ಒಟ್ಟಿಗೆ ಹೊರಬರುತ್ತಿದ್ದವು. ಹತ್ತು ವರ್ಷದಲ್ಲಿ ಅವನು ಇಲ್ಲಿಗೆ ಇಳಿದದ್ದು ಇದೇ ಮೊದಲು. ಮೂರೂವರೆಯ ಬಿಡುವಿಗೆ ಹೆಂಗಸರು ಹೊರಗೆ ಬಂದು ಗೋಡೆಗೊರಗಿ ನಿಂತರು. ಅಕ್ಕ ಅವನನ್ನು ಕಂಡು ಗಾಬರಿಯಾಗಿ ಓಡಿಬಂದಳು.

"ಏನಾಯ್ತೋ? ಯಾರಿಗೇನಾಯ್ತು?"

"ಏನೂ ಇಲ್ಲ. ಸುಮ್ಮನೆ ಬಂದೆ."

"ಸುಮ್ಮನೆ ಬರೋ ಜಾಗವಾ ಇದು?" ಎಂದು ಅವನ ಮುಖ ನೋಡಿದಳು. ಅವನು ಹೇಳಿದ. ಸಭೆ, ಸಾಲು, ತಾನು ಎದ್ದು ಹೇಳಿದ್ದು. ಅವಳು ಉರುಳೆಯ ಬಿಸಿಗೆ ಕೆಂಪಾದ ಕೈಗಳನ್ನು ಕಂಕುಳಲ್ಲಿಟ್ಟುಕೊಂಡು ಕೇಳಿದಳು.

"ಬೈದ್ರಾ?"

"ಇಲ್ಲ. ಚಪ್ಪಾಳೆ ತಟ್ಟಿದ್ರು."

"ಯಾರಿಗೆ?"

ಸಮಾರೋಪದ ದಿನ ನಿನ್ನನ್ನೂ ಕರೆದಿದ್ದಾರೆ ಎಂದ. ಹೇಳಿದ ಮೇಲೆ ತನ್ನ ಮಾತೇ ತನಗೆ ಕೋಟು ಹಿಡಿದು ನಿಂತವನ ಮಾತಿನಂತೆ ಕೇಳಿಸಿತು. ಅವಳು ಇಳಿಜಾರಿನ ಮೇಲ್ಗಡೆ ನೋಡಿದಳು.

"ನಾನು ಹೇಳಿದ್ದು ನಿನಗೆ," ಎಂದಳು. "ಕಾಗದಕ್ಕಲ್ಲ. ಕಾಗದ ಮಧ್ಯೆ ಇದ್ದದ್ದರಿಂದ ಹೇಳೋಕೆ ಬಾಯಿ ಬಂತು, ಅಷ್ಟೇ. ನೀನು ಹೋಗಿ ಅವರ ಹತ್ರ ಹೇಳ್ಕೊಂಡು ಅತ್ತೆ. ಕೊಟ್ಟಿದ್ದನ್ನ ವಾಪಸ್ ತಗೊಳ್ಳೋಕೆ ಬರುತ್ತಾ?"

"ಬರುತ್ತೆ. ಕಾರಣ ಹೇಳಬೇಕಾಗಿಲ್ಲ. ಒಂದು ಸಹಿ ಸಾಕು."

"ಹಾಗಾದ್ರೆ ಇದನ್ನ ತೆಗಿ. ಉಂಗುರದ್ದು ಇರಲಿ. ಅದನ್ನ ಊರಿಗೆಲ್ಲ ಹೇಳು, ಆ ಮೇಸ್ತ್ರಿ ಮಾಡಿದ್ದು ನಾಲ್ಕು ಜನಕ್ಕೆ ಗೊತ್ತಾಗಲಿ."

"ಒಂದೊಂದೇ ತೆಗೆಯೋಕೆ ಬರಲ್ಲಕ್ಕ. ತೆಗೆದ್ರೆ ಪೂರ್ತಿ ತೆಗೀಬೇಕು."

ಅವಳು ಯೋಚಿಸಿದಳು. ಗೋಡೆಗೊರಗಿದ್ದ ಜೊತೆಗಾತಿ ಏನೋ ಕೂಗಿ ಕೇಳಿದಳು. ಇವಳು ಬಂದೆ ಎಂಬಂತೆ ಕೈಯೆತ್ತಿದಳು. "ಪೂರ್ತಿನೇ ತೆಗಿ," ಎಂದು ಕೈಚಾಚಿದಳು. ಅವನು ಚೀಲದ ಮೇಲೆ ಕಾಗದವಿಟ್ಟು ಜಾಗ ತೋರಿಸಿದ. ಅವಳು ಕನ್ನಡದಲ್ಲಿ, ಶಾಲೆಯ ಮಕ್ಕಳ ಹಾಗೆ ಒಂದೊಂದೇ ಅಕ್ಷರ ಬಿಡಿಸಿ, ತನ್ನ ನಿಜವಾದ ಹೆಸರು ಬರೆದಳು.

ಮರುದಿನ ಆ ಸಹಿ ಕಂಡು ಮುಖ್ಯಸ್ಥೆಯ ಮುಖ ಸಣ್ಣದಾಯಿತು. ನಿಮ್ಮ ಕಥೆಯನ್ನಾದರೂ ನೀವು ಬರೆಯಬಹುದಲ್ಲ ಎಂದರು. ಬರೆಯಲಾರೆ ಎಂದ. ಆದರೆ ಉಂಗುರದ ಸಂಗತಿ, ಅದು ನಮಗೆ ಬೇಕೇಬೇಕಾಗಿತ್ತು ಎಂದು ಅವರು ಮರುಗಿದ್ದು ನಿಜವಾದ ಮರುಕವೇ. ಹನ್ನೊಂದು ನಮೂನೆ ಹತ್ತಾಯಿತು. ಇತರೆಯ ಮುಂದೆ ಸೊನ್ನೆ ಉಳಿದದ್ದರಿಂದ ಅಂಕಿಅಂಶದವನು ಆ ಸಾಲನ್ನು ತೆಗೆದುಹಾಕಿದ, ಐದೇ ಸಾಲಿನ ನಮೂನೆ ಅಚ್ಚಿಗೆ ಹೋಯಿತು. ಜಡೆಯೊಳಗೆ ಪೆನ್ನು ಆಡಿಸಿದ ಮೇಸ್ತ್ರಿ ಯಾವ ಕೋಷ್ಟಕಕ್ಕೂ ಸಿಗದೆ ಉಳಿದುಕೊಂಡ. ಅದೂ ತನ್ನ ಲೆಕ್ಕಕ್ಕೇ ಬಂತು ಎಂದು ಅವನಿಗೆ ಗೊತ್ತಿತ್ತು. ಆದರೆ ಅದೆಲ್ಲ ಮರುದಿನದ ಮಾತು.

ಈಗ ಅವಳು ಪೆನ್ನು ವಾಪಸು ಕೊಟ್ಟು ಟೊಪ್ಪಿಗೆ ಸರಿಮಾಡಿಕೊಳ್ಳುತ್ತಿದ್ದಳು. ಬಿಡುವು ಮುಗಿಯುತ್ತಿತ್ತು. ಹನ್ನೊಂದು ಜನರ ಮುಂದೆ, ಇನ್ನೊಂದು ಭಾಷೆಯಲ್ಲಿ ಅವನು ಬೆಳಿಗ್ಗೆ ಎಷ್ಟು ಸಲೀಸಾಗಿ ಪಶ್ಚಾತ್ತಾಪಪಟ್ಟಿದ್ದ. ಇಲ್ಲಿ ಒಂದು ಮಾತಿಗೆ ನಾಲಿಗೆ ತಡಕಾಡುತ್ತಿತ್ತು. ಕ್ಷಮಿಸು ಎನ್ನುವುದು ನಾಟಕದ ಮಾತು. ಅವರ ಮನೆಯಲ್ಲಿ ಯಾರೂ ಯಾರಿಗೂ ಅದನ್ನು ಹೇಳಿದ್ದಿಲ್ಲ. ಅಮ್ಮ ಅವಳಿಗೆ ಹೇಳಿದ್ದಿಲ್ಲ, ಎದ್ದುಹೋದ ಎರಡು ಸಂಬಂಧದವರಂತೂ ಹಿಂತಿರುಗಿ ನೋಡಿರಲಿಲ್ಲ. ಗಂಟೆ ಹೊಡೆಯಿತು. ಒಳಗೆ ಯಂತ್ರಗಳು ಒಂದೊಂದಾಗಿ ಗುಟುರುಹಾಕತೊಡಗಿದವು. ಅವಳು ತಿರುಗಿದಾಗ ಅವನು, ಅವಳ ಬೆನ್ನಿಗೆ, "ತಪ್ಪಾಯ್ತಕ್ಕ," ಎಂದ.

ಅವಳು ನಿಂತಳು. "ಏನಂದೆ?" ಎಂದು ಕಿವಿಯ ಹಿಂದೆ ಕೈಯಿಟ್ಟಳು.

ಹೆಂಗಸರೆಲ್ಲ ನೋಡುತ್ತಿದ್ದರು. ಗಾಡಿ ತಳ್ಳುವ ದೈತ್ಯನೂ ಗಾಡಿ ನಿಲ್ಲಿಸಿ ನೋಡುತ್ತಿದ್ದ. ಅವನು ಗಂಟಲೇರಿಸಿ, ಹಬೆಯ ಮೇಲೆ, ಮೊರೆತದ ಮೇಲೆ, ಹುಡುಗ ಪಾಠ ಒಪ್ಪಿಸಿದಂತೆ ಕೂಗಿ ಹೇಳಿದ: "ತಪ್ಪಾಯ್ತು ಅಕ್ಕಾ!" ಅವನ ದನಿ ಇಳಿಜಾರಿನ ಗೋಡೆಗೆ ಬಡಿದು ವಾಪಸು ಬಂತು. ಯಾರಿಗೂ ಆ ಭಾಷೆ ತಿಳಿಯದು. ಆದರೂ ಎಲ್ಲರಿಗೂ ತಿಳಿದ ಹಾಗಿತ್ತು.

"ಕೂಗಬೇಡ," ಎಂದಳು ಅಕ್ಕ. "ಮೊದಲನೇ ಸಲವೇ ಕೇಳಿಸ್ತು."

ಅಷ್ಟು ಹೇಳಿ ಅವಳು ಒಳಗೆ ಹೋದಳು. ಜೊತೆಗಾತಿ ಆಗಲೇ ಎರಡು ಮೂಲೆ ಹಿಡಿದು ನಿಂತಿದ್ದಳು.